ಗುರುಸಿದ್ದಪ್ಪ ಕಾಕಾ ಗುಂಡು ಕಡೆದದ್ದು

ಗುರುಸಿದ್ದಪ್ಪ ಕಾಕಾ ಅಂಜುಬುರುಕರು. ಲೇಥ್ ಯಂತ್ರದಲ್ಲಿ ಕಟ್ಟಿಗೆಯನ್ನು ತಿರುಗಿಸಿ ಕಡೆದೇ ಹೊಟ್ಟೆ ಹೊರೆಯುತ್ತಿದ್ದ ಅವರು, ಎಂಜಿನ್ನು ನಿಂತಿದ್ದಾಗಲೂ ಆ ಲೇಥಿಗೆ ಬೆನ್ನು ಕೊಟ್ಟು ಕೂಡುತ್ತಿರಲಿಲ್ಲ. ಚಹಾ ಕುಡಿಯುವಾಗಲೂ ಒಂದು ಕಣ್ಣು ಅದರ ಮೇಲೇ. “ಅದರ ಮನಸ್ಸಿನ್ಯಾಗ ಏನೈತೋ ಯಾರಿಗೆ ಗೊತ್ತು!” ಎನ್ನುತ್ತಿದ್ದರು. ದಾಂಡೇಲಿಯಲ್ಲಿ ಕಾಗದದ ಗಿರಣಿ ಬಂದು ಊರು ಬೆಳೆಯುತ್ತಿದ್ದ ಕಾಲವದು. ಹೊಸದಾಗಿ ಮದುವೆಯಾಗಿ, ಕೆಲಸ ಹುಡುಕುತ್ತ ಹೆಂಡತಿಯೊಡನೆ ಧಾರವಾಡದ ಕಡೆಯಿಂದ ಬಂದ ನಾನು ಅವರ ಜೊತೆ ಕೆಲಸಕ್ಕೆ ನಿಂತಿದ್ದೆ. ಅವರ ಅಂಜಿಕೆ ಕಂಡು ನನಗೆ ನಗು ಬರುತ್ತಿತ್ತು.

ಒಮ್ಮೆ ಹಳಿಯಾಳದ ವ್ಯಾಪಾರಿಯೊಬ್ಬ ಮಂಚದ ಕಾಲುಗಳ ತಲೆಗೆ ಕೂಡಿಸಲು ಬೀಟೆಯ ಗುಂಡುಗಳನ್ನು ಹೇಳಿಹೋದ. ಎಲ್ಲವೂ ಒಂದೇ ಅಳತೆಯವು, ಪೂರಾ ದುಂಡಗಿನವು ಬೇಕಂತೆ. ಕೈಯಲ್ಲಿ ಉಳಿ ಹಿಡಿದು ಕಡೆದರೆ ಒಂದು ಲಿಂಬೆಹಣ್ಣಿನಂತೆ, ಇನ್ನೊಂದು ಬದನೆಕಾಯಿಯಂತೆ ಆಗುತ್ತಿತ್ತು. ಉಳಿ ಕಚ್ಚಿಕೊಂಡು ಕಟ್ಟಿಗೆ ಮುಖಕ್ಕೆ ಹಾರಿದರೆ ಎಂಬ ಅಂಜಿಕೆ ಬೇರೆ. ಆ ಅಂಜಿಕೆಯೇ ಕಾಕಾ ಅವರ ತಲೆ ಓಡಿಸಿತು. ಹಳೆಯ ಚಕ್ಕಡಿಯ ಗಾಲಿ ಕಳಚದಂತೆ ಹಾಕುವ ಕಬ್ಬಿಣದ ಕಡಾಣಿಯನ್ನು ಲೇಥಿನ ಹಲಗೆಯಲ್ಲಿ, ತಿರುಗುವ ಕಟ್ಟಿಗೆಯ ನಟ್ಟನಡುವಿಗೆ ನೇರ ಕೆಳಗೆ ಗೂಟದಂತೆ ನೆಟ್ಟರು. ಅದರ ಸುತ್ತ ತಿರುಗುವ ಒಂದು ಮರದ ತೋಳು, ತೋಳಿನ ಮೇಲೆ ಬಿಗಿದ ಉಳಿ. ತೋಳನ್ನು ಈ ಕಡೆಯಿಂದ ಆ ಕಡೆಗೆ ಎಳೆದರೆ ಉಳಿ ತಾನೇ ದುಂಡಗೆ ಕೊರೆಯಬೇಕು. “ಕೈ ದೂರ ಇರತೈತಿ, ಜೀವ ಉಳೀತೈತಿ,” ಎಂದರು.

ಮೊದಲ ಗುಂಡು ಕಡೆಯುವ ದಿನ ಲೇಥಿಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ನಾನು ಎಂಜಿನ್ ಹಚ್ಚಿದೆ. ಉಳಿಯ ಮೊನೆ ಸರಿಯಾಗಿ ತಾಗುತ್ತಿದೆಯೇ ಎಂದು ಕಾಕಾ ಬಗ್ಗಿ ನೋಡಿದರು. ಎಲ್ಲಕ್ಕೂ ಅಂಜುತ್ತಿದ್ದವರಿಗೆ ಕೊರಳಲ್ಲಿದ್ದ ಲಿಂಗದ ದಾರದ ನೆನಪು ಬರಲಿಲ್ಲ. ಕಾಯುವ ದೇವರಿಂದಲೇ ಕೇಡಾದೀತೆಂದು ಯಾರಿಗೆ ಹೊಳೆಯುತ್ತದೆ? ಅಂಗಿಯಿಂದ ಜೋತುಬಿದ್ದ ಶಿವದಾರ ತಿರುಗುವ ಕಟ್ಟಿಗೆಗೆ ಸುತ್ತಿಕೊಂಡು ಅವರ ಮುಖವನ್ನು ಕೆಳಗೆಳೆಯಿತು. ನಾನು ಕೋಲಿನಿಂದ ಎಂಜಿನ್ನಿನ ಪಟ್ಟಾ ಕೆಡವುವಷ್ಟರಲ್ಲಿ ದಾರ ಹರಿದು, ಅವರು ಚಕ್ಕೆಗಳ ನಡುವೆ ಕುಸಿದು ಕೂತರು. ಕೊರಳ ಮೇಲೆ ಕೆಂಪು ಬರೆ ಎದ್ದಿತ್ತು. ಸದ್ಯ ಜೀವ ಉಳಿಯಿತೆಂದು ಉಸಿರುಬಿಟ್ಟು ನೋಡಿದರೆ, ದಾರದೊಡನೆ ಕಟ್ಟಿಗೆಗೆ ಸುತ್ತಿಕೊಂಡಿದ್ದ, ಲಿಂಗ ಕಟ್ಟಿದ್ದ ಬಟ್ಟೆ ಬರಿದಾಗಿತ್ತು.

“ಸಿಗೂ ತನಕ ಒಂದು ಹನಿ ನೀರೂ ಒಲ್ಲೆ,” ಎಂದರು ಕಾಕಾ. “ಸಿಗಲಿಲ್ಲಂದ್ರ ಇಲ್ಲೇ ಜೀವ ಬಿಡತೇನಿ.”

ಅದು ಬರೀ ಬಾಯಿಮಾತಲ್ಲ. ಲಿಂಗ ಕಳೆದುಕೊಂಡವನು ಉಣ್ಣುವಂತಿಲ್ಲ, ಕುಡಿಯುವಂತಿಲ್ಲ. ಅವರ ಹೆಂಡತಿ ಗಂಗವ್ವ ಚಿಗವ್ವ ಮನೆಯಿಂದ ಜರಡಿ ತಂದಳು. ಇಬ್ಬರೂ ಬೊಗಸೆ ಬೊಗಸೆಯಾಗಿ ಚಕ್ಕೆ ಜರಡಿ ಹಿಡಿದೆವು. ಬೀಟೆಯ ಚಕ್ಕೆ ಕಪ್ಪು, ಲಿಂಗವೂ ಕಪ್ಪು. ಬೇಸಿಗೆಯ ಮಧ್ಯಾಹ್ನ, ತಗಡಿನ ಮಾಡು ಕಾದು ಕೆಂಡವಾಗಿತ್ತು.

“ಏಳ್ರಿ ಕಾಕಾ, ಹೊರಗ ನೆರಳಿಗೆ ಬರ್ರಿ,” ಎಂದೆ.

“ಒಲ್ಲೆಪಾ. ಕಾಲಾಗ ಸಿಕ್ಕರ ಏನ್ಮಾಡ್ಲಿ? ನನಗ ಅಲುಗಾಡಾಕ ಅಂಜಿಕಿ.”

ಕೂತಲ್ಲೇ ಕಲ್ಲಾದರು. ಹೊತ್ತು ಇಳಿದಂತೆ ಅವರ ತುಟಿ ಒಣಗಿ ಮಾತು ತೊದಲತೊಡಗಿತು. ಈ ಮನುಷ್ಯ ನಮ್ಮ ಕಣ್ಣೆದುರೇ ಹೋಗಿಬಿಡುತ್ತಾರೆ ಎನಿಸಿತು. ಅವರ ಬೆವರು ಒರೆಸಲು ಬಗ್ಗಿದ ಚಿಗವ್ವ ಚೀರಿಯೇಬಿಟ್ಟಳು: “ನಿಮ್ಮ ಮಡಿಲಾಗ ಐತ್ರಿ!”

ಧೋತರದ ನಿರಿಗೆಯಲ್ಲಿ, ಚಕ್ಕೆಗಳ ನಡುವೆ ಲಿಂಗವಿತ್ತು. ನೆಲ ಮುಟ್ಟಿರಲಿಲ್ಲ. ನನ್ನ ಮಾತು ಕೇಳಿ ಅವರು ಎದ್ದಿದ್ದರೆ ಅದು ಉರುಳಿ ನಮ್ಮ ಕಾಲ ಕೆಳಗೇ ಬರುತ್ತಿತ್ತು. ಮರುದಿನ ಕಾಕಾ ಲೇಥಿನ ಮರದ ತೋಳಿಗೆ ಉದ್ದನೆಯ ಹಿಡಿಕೆ ಕೂಡಿಸಿದರು. ಲಿಂಗವನ್ನು ರುಮಾಲಿನೊಳಗೆ ತಲೆಗೆ ಕಟ್ಟಿಕೊಂಡು ಎಲ್ಲ ಗುಂಡುಗಳನ್ನೂ ಕಡೆದುಕೊಟ್ಟರು.

ಕೆಲವು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದರು. ಲೇಥ್ ನನ್ನ ಕೈಗೆ ಬಂತು. ಕೊನೆಯ ಸಲ ನೋಡಲು ಹೋದಾಗ ಅವರ ದನಿ ಕ್ಷೀಣವಾಗಿತ್ತು.

“ಲೇಥ್ ನೀ ಒಬ್ಬನ ನಡಸಾಕತ್ತೀಯೇನು?”

“ಹೌದ್ರಿ ಕಾಕಾ.”

“ಅಂಜಿಕಿ ಬರತೈತೇನು?”

ಇಲ್ಲವೆಂದು ಹೇಳಿ ಅವರಿಗೆ ಸಮಾಧಾನ ಕೊಡಬೇಕೆನಿಸಿತು. ಬಾಯಿಗೆ ಬಂದದ್ದು ನಿಜವೇ.

“ದಿನಾ ಬರತೈತ್ರಿ. ಎಂಜಿನ್ ಹಚ್ಚೂಮುಂದ ಎದಿ ಡವಡವ ಅಂತೈತಿ.”

ಕಾಕಾ ನನ್ನ ಕೈ ಹಿಡಿದುಕೊಂಡರು.

“ಹಂಗಾರ ಛಲೋ ಆತು,” ಎಂದರು. “ಇನ್ನ ನಾ ಹೋಗಾಕ ಅಡ್ಡಿ ಇಲ್ಲ.”