ಕಣದ ಇಳಿಜಾರು

ಏಪ್ರಿಲ್ ತಿಂಗಳ ಒಂದು ಗುರುವಾರ, ಬೆಳಗ್ಗೆ ಒಂಬತ್ತೂವರೆಗೆ, ನಾನು ಹಳೆಯ ಕಾಫಿ ಕಣದ ಮೇಲ್ತುದಿಯಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಬೆನ್ನು ಮಾಡಿ ನಿಂತಿದ್ದೆ. ಕೈಯಲ್ಲಿ ಮಟ್ಟ ನೋಡಲು ನೀರು ತುಂಬಿದ ಲೆವೆಲ್ ಟ್ಯೂಬಿನ ಒಂದು ತುದಿ. ಇನ್ನೊಂದು ತುದಿಯನ್ನು ಕೆಳಗಿನ ಗೂಟಕ್ಕೆ ಒತ್ತಿ ಹಿಡಿದು ಮೇಸ್ತ್ರಿಯ ಹೆಂಡತಿ ಕುಕ್ಕರಗಾಲಲ್ಲಿ ಕೂತಿದ್ದರು. ಮೇಸ್ತ್ರಿ ಗೂಟಗಳ ಮೇಲೆ ಗುರುತು ಹಾಕುತ್ತಿದ್ದರು. ಇಬ್ಬರೂ ಶಿರಂಗಾಲದವರು. ಶ್ರೀಮಂಗಲದ ಹತ್ತಿರದ ನಮ್ಮ ಎಸ್ಟೇಟಿಗೆ ಗೋಡೆ ಕೆಲಸಕ್ಕೆಂದು ಬಂದು ಆಳುಗಳ ಲೈನುಮನೆಯಲ್ಲೇ ಉಳಿದಿದ್ದರು. ನಾನು ಅಲ್ಲಿ ರೈಟರ್, ಲೆಕ್ಕವನ್ನೂ ಆಳುಗಳನ್ನೂ ನೋಡಿಕೊಳ್ಳುವವನು.

ಬಂಗಲೆ ಹೋಂಸ್ಟೇ ಆದಮೇಲೆ ಸಾಹುಕಾರರು ನೆಲದ ಮೇಲೆಯೇ ನಿಲ್ಲಿಸುವ, ಕಬ್ಬಿಣದ ಕಾಲುಗಳ ದುಂಡನೆಯ ಈಜುಕೊಳ ತರಿಸಿದ್ದರು. ಎಲ್ಲಿಡೋಣ ಎಂದು ಕೇಳಿದಾಗ, ಹಳೆಯ ಮಣ್ಣಿನ ಕಣ ಸಮತಟ್ಟಾಗಿದೆ ಎಂದವನು ನಾನು. ಇಪ್ಪತ್ತು ವರ್ಷ ಅದರ ಮೇಲೆ ಕಾಫಿ ಹಣ್ಣು ಒಣಗಲು ಹರವಿಸಿದ್ದೆ. ನನ್ನ ಕಣ್ಣಿಗೆ ಅದು ಯಾವತ್ತೂ ಸಮವೇ. ಟ್ಯೂಬಿನಲ್ಲಿ ನೋಡಿದರೆ ಆರು ಬೆರಳು ಇಳಿಜಾರು.

"ಮಳೆ ಬಂದ್ರೆ ನೀರು ಓಡ್ಲಿ ಅಂತ್ಲೇ ಅಲ್ವಾ ರೈಟ್ರೇ, ಕಣ ಮಾಡೋದು?" ಎಂದು ಮೇಸ್ತ್ರಿ ನಕ್ಕರು. ಅವರ ಹೆಂಡತಿಯೂ ಸೆರಗು ಬಾಯಿಗೆ ಇಟ್ಟುಕೊಂಡರು.

ಮೇಲಿನ ಮಗ್ಗುಲನ್ನು ಕಡಿದು ಕೆಳಗಿನ ಮಟ್ಟಕ್ಕೆ ತರಬೇಕು, ಎರಡು ದಿನ ಹಿಡಿಯುತ್ತದೆ ಎಂದು ಮೇಸ್ತ್ರಿ ವಿವರಿಸಿದರು. ಶನಿವಾರ ಅತಿಥಿಗಳು ಬರುವವರಿದ್ದರು. ಅದು ನಾನು ಒಡ್ಡಿದ ನೆಪ. ಕಡಿದರೆ ಆ ಗಾಯ ಬಂಗಲೆಯ ಜಗಲಿಗೇ ಕಾಣುತ್ತಿತ್ತು, ನನ್ನ ಮಾತು ತಪ್ಪೆಂದು ಸಾಹುಕಾರರಿಗೆ ಗೊತ್ತಾಗುತ್ತಿತ್ತು. ಕೆಳಗಿನ ಮಗ್ಗುಲಿಗೇ ಮಣ್ಣು ತುಂಬಿಸಿ ಎಂದೆ.

"ಹಾಕಿದ್ ಮಣ್ಣು ಕೂರುತ್ತೆ, ರೈಟ್ರೇ. ನೀರಿನ ಭಾರ ತಡೆಯಲ್ಲ."

"ನಾನು ಹೇಳಿದಷ್ಟು ಮಾಡಿ."

ಮಾಡಿದರು. ಮಣ್ಣು ದಮ್ಮಸು ಮಾಡಿ, ಮೇಲೆ ಜಲ್ಲಿಪುಡಿ ಹಾಸಿ, ಶುಕ್ರವಾರ ಕೊಳ ನಿಲ್ಲಿಸಿದೆವು. ಸಂಜೆಗೆ ನೀರು ತುಂಬಿತು.

ಶನಿವಾರ ಹನ್ನೊಂದು ಗಂಟೆಗೆ ಕೆಳಗಿನ ಮಗ್ಗುಲು ಕುಸಿಯತೊಡಗಿತು. ಮೊದಲು ಕಂಡವರು ಮೇಸ್ತ್ರಿ. ನೀರಿನಲ್ಲಿದ್ದ ಇಬ್ಬರು ಅತಿಥಿಗಳನ್ನು ಹೊರಗೆ ಕರೆದು, ಕೊಳದ ವಾಲಿದ ಕಬ್ಬಿಣದ ಕಾಲಿನಡಿಗೆ ಕಲ್ಲು ಕೊಡಲು ಬಗ್ಗಿದರು. ಆಗ ಆ ಕಾಲು ಮಡಚಿಕೊಂಡಿತು. ನೀರೆಲ್ಲ ಅವರ ಮೇಲೆ ಬಂದು, ಅವರನ್ನು ಕಣದಂಚಿನ ಕಲ್ಲುಕಟ್ಟೆಗೆ ಒಯ್ದು ಬಡಿಯಿತು. ಬಲಗೈ ಮಣಿಕಟ್ಟು ಮುರಿಯಿತು.

ಸಾಹುಕಾರರು ಬಂದು, ಲೆವೆಲ್ ಮಾಡಿದ್ದು ಯಾರು ಎಂದು ನನ್ನನ್ನು ಕೇಳಿದರು.

"ಮೇಸ್ತ್ರಿ," ಎಂದೆ.

ಒಂದೇ ಪದ. ಸುಳ್ಳೆಂದು ಯಾರೂ ಹಿಡಿಯಲಾಗದಂಥ ಪದ. ಟ್ಯೂಬು ತಂದವರೂ ಗುರುತು ಹಾಕಿದವರೂ ಅವರೇ. ಕೆಸರಿನಲ್ಲಿ ಕೂತಿದ್ದ ಮೇಸ್ತ್ರಿ ನನ್ನ ಮುಖ ನೋಡಿದರು. ಹೆಂಡತಿ ಏನೋ ಹೇಳಹೊರಟಾಗ ಎಡಗೈ ಎತ್ತಿ, "ಬುಡು," ಎಂದರು.

ವಿರಾಜಪೇಟೆಯ ಆಸ್ಪತ್ರೆಗೆ ಜೀಪಿನಲ್ಲಿ ಕರೆದೊಯ್ದವನು ನಾನೇ. ತಪ್ಪು ನನ್ನದೆಂದು ದಾರಿಯುದ್ದಕ್ಕೂ ಅವರಿಗೆ ಹೇಳಬಹುದಿತ್ತು, ವಾಪಸು ಬಂದ ಮೇಲೆ ಸಾಹುಕಾರರಿಗೂ ಹೇಳಬಹುದಿತ್ತು. ಮುಂದಿನ ವಾರ ಸಾಹುಕಾರರು ಗಂಡಹೆಂಡಿರನ್ನು ಲೈನು ಬಿಡಿಸಿದರು. ಲೆವೆಲ್ ಬಾರದ ಮೇಸ್ತ್ರಿ ಎಂಬ ಮಾತು ಸುತ್ತಲ ಎಸ್ಟೇಟುಗಳಿಗೂ ಹೋಯಿತು. ಕೈ ಕೂಡಿದ ಮೇಲೂ ಈ ಕಡೆ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಮೇಸ್ತ್ರಿ ಈಗಿಲ್ಲ. ಸಾಹುಕಾರರಿಗೆ ಇಂದಿಗೂ ಗೊತ್ತಿಲ್ಲ. ಗುರುವಾರ ನಾನು ಕೊಟ್ಟ ಆಜ್ಞೆಯನ್ನೂ ಶನಿವಾರ ನಾನು ಕೊಟ್ಟ ಉತ್ತರವನ್ನೂ ಕಿವಿಯಾರೆ ಕೇಳಿ, ಇನ್ನೂ ಬದುಕಿರುವವರು ನನ್ನನ್ನು ಬಿಟ್ಟರೆ ಮೇಸ್ತ್ರಿಯ ಹೆಂಡತಿ ಒಬ್ಬರೇ. ಶಿರಂಗಾಲದಲ್ಲಿ ಮಗಳ ಮನೆಯಲ್ಲಿದ್ದಾರೆ.