ಒಂದು ಸಾಲು ಮೇಲಕ್ಕೆ

“ಅಮ್ಮಾ, ಲಿಫ್ಟ್ ಮಾಮನ ಮನೇಲಿ ಬೇರೆ ಯಾರೂ ಇಲ್ವಲ್ಲ, ಮತ್ತೆ ‘ಮೊದಲು ನಕಲು ತಗೋ’ ಅಂತ ಯಾರಿಗೆ ಹೇಳ್ತಾರೆ?”

ಮಗಳು ಕೇಳಿದ್ದು ಪಕ್ಕದ ಮನೆಯವರ ಬಗ್ಗೆ. ಗೋಡೆಯಾಚೆಯ ಆ ಮಾತನ್ನು ತಾಯಿಯೂ ಕೇಳಿದ್ದಳು. ಅದೇ ವಾಕ್ಯ, ಒಮ್ಮೆ ಗದರಿಸಿದಂತೆ, ಒಮ್ಮೆ ಅಂಗಲಾಚಿದಂತೆ. ಲಿಫ್ಟ್ ರಿಪೇರಿ ಮಾಡುವ ಮಾಮ ಯಾರ ಸುದ್ದಿಗೂ ಹೋದವರಲ್ಲ. ತಂಗಿ ತೀರಿಕೊಂಡ ಮೇಲಂತೂ ತಾವಾಯಿತು, ತಮ್ಮ ಪಾಡಾಯಿತು. ಆದರೂ ಮಗುವಿನ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಹೇಗೆ? ರಜೆಯ ದಿನ ಒಗೆದ ಬಟ್ಟೆ ಹರವಿ, ಒದ್ದೆ ಕೈ ಒರೆಸಿಕೊಳ್ಳುತ್ತಲೇ ಹೋಗಿ ಅವರ ಬಾಗಿಲು ತಟ್ಟಿದಳು.

ಮಾಮ ನಾಚಿಕೊಂಡರು. ಮೇಲ್ ಓದಿಕೊಳ್ಳುತ್ತಿದ್ದೆ ಎಂದರು. ಆಮೇಲೆ ಒಂದೊಂದಾಗಿ ಹೇಳಿದರು.

ತಂಗಿ ಕಣ್ಣು ಕಾಣದ ಮಕ್ಕಳಿಗೆಂದು ಕಥೆಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದಳಂತೆ. ಎಲ್ಲವೂ ಎರಡು ಡಿಸ್ಕುಗಳಲ್ಲಿದ್ದವು. ಅವಳು ಹೋದ ಮೇಲೆ ಒಮ್ಮೆ ಕರೆಂಟು ಕೈಕೊಟ್ಟು ಎರಡೂ ತೆರೆಯದಾದವು. ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಎಂದು ನೆನಪಿಡುವ ಫೈಲ್‌ಸಿಸ್ಟಮ್ ದೇಶದೇಶಗಳ ಜನ ಸೇರಿ ಬಿಟ್ಟಿಯಾಗಿ ಕಟ್ಟಿದ್ದು. ಅದರ ಕೈಪಿಡಿಯಲ್ಲಿ ದುರಸ್ತಿಯ ಆಜ್ಞೆ ಇತ್ತು. ಮಾಮ ಮೊದಲ ಡಿಸ್ಕಿಗೆ ಆ ಆಜ್ಞೆಯನ್ನು ಇದ್ದ ಹಾಗೇ ಟೈಪಿಸಿದರು. ಆಮೇಲೆ ಅದರ ಕೆಳಗಿನ ಸಾಲು ಓದಿದರು: ಇದಕ್ಕೆ ಮುನ್ನ ಡಿಸ್ಕಿನ ನಕಲು ತೆಗೆದಿರಬೇಕು. ಅಷ್ಟರಲ್ಲಿ ಕಾಲ ಮಿಂಚಿತ್ತು. ಡಿಸ್ಕು ಬರಿದಾಗಿತ್ತು.

“ನಾವು ಎಚ್ಚರಿಕೆ ಬೋರ್ಡನ್ನ ಲಿಫ್ಟಿನ ಬಾಗಿಲಿಗೆ ಹಾಕ್ತೀವಮ್ಮ, ಕೆಳಗಿನ ಹೊಂಡದ ತಳದಲ್ಲಲ್ಲ,” ಎಂದರು.

ಅವಳು ನಗಲು ಹೋಗಿ, ಅವರ ಮುಖ ನೋಡಿ ತಡೆದುಕೊಂಡಳು.

ಆ ಸಾಲನ್ನು ಆಜ್ಞೆಗಿಂತ ಮೇಲಕ್ಕೆ ತರುವುದಷ್ಟೇ ಫೈಲ್‌ಸಿಸ್ಟಮ್ ಕಟ್ಟಿದವರಿಗೆ ಮಾಮ ಕಳಿಸುತ್ತಿದ್ದ ತಿದ್ದುಪಡಿ. ಅದು ಇಮೇಲಿನಲ್ಲೇ ಹೋಗಬೇಕು. ತೆಗೆಯುವ ಸಾಲಿನ ಮುಂದೆ ಕಳೆಯುವ ಗುರುತು, ಸೇರಿಸುವುದಕ್ಕೆ ಕೂಡುವ ಗುರುತು. ಮೊದಲ ಸಲ ಮಾಮನ ಮೇಲ್ ತಂತ್ರಾಂಶ ಉದ್ದ ಸಾಲುಗಳನ್ನು ತಾನಾಗಿಯೇ ತುಂಡರಿಸಿಬಿಟ್ಟಿತು. ತಿದ್ದುಪಡಿ ಕೈಪಿಡಿಯಲ್ಲಿ ಕೂರಲೇ ಇಲ್ಲ. ಮತ್ತೆ ಕಳಿಸಿದಾಗ, ವಾಕ್ಯ ಇನ್ನೂ ತಿಳಿಯಾಗಲಿ ಎಂದರಂತೆ ಅವರು. ಅದಕ್ಕೇ ಗಟ್ಟಿಯಾಗಿ ಓದಿ ಓದಿ ನೋಡುವುದು. ಈಗ ಒಪ್ಪಿದ್ದಾರೆ. ಆದರೆ ಬರೆದವರಲ್ಲದೆ ಬೇರೊಬ್ಬರು ಅದರಂತೆ ನಡೆದು ನೋಡಿ, ಪರೀಕ್ಷಿಸಿದವರೆಂದು ಹೆಸರು ಕೊಡಬೇಕು. ಅಲ್ಲಿಯ ಪದ್ಧತಿ ಹಾಗೆ.

ಮಾಮ ಮೇಜಿನ ಡ್ರಾಯರ್ ಎಳೆದರು. ಹೆಣ್ಣುಮಕ್ಕಳ ಕರವಸ್ತ್ರದಲ್ಲಿ ಸುತ್ತಿದ ಎರಡನೆಯ ಡಿಸ್ಕು. ಪಕ್ಕದಲ್ಲಿ, ನಕಲಿಗೆಂದು ತಂದ ಖಾಲಿ ಡಿಸ್ಕು. ಎರಡನ್ನೂ ಮುಟ್ಟಿಲ್ಲವಂತೆ ಇನ್ನೂ. ತಂತಿಯಿಲ್ಲ, ಕರೆಂಟಿಲ್ಲ, ಆದರೂ ತಂಗಿಯ ಡಿಸ್ಕಿನೊಳಗೆ ತಿರುಗುವ ಸದ್ದು ಅವರಿಗೆ ಕೇಳುತ್ತದಂತೆ. ಅವಳು ಕಿವಿಗೊಟ್ಟಳು. ಏನೂ ಇರಲಿಲ್ಲ. ಹೊಸ ಸಾಲಿನಂತೆ ನೀನೇ ಇದನ್ನು ದುರಸ್ತಿ ಮಾಡಿ ನೋಡು ಎಂದರು ಮಾಮ.

“ನೀವೇ ಮಾಡ್ಬಹುದಲ್ಲ ಅಣ್ಣ? ಕರೆಂಟ್ ಬಿಲ್ ಕಟ್ಟೋದು ಬಿಟ್ರೆ ನಂಗೆ ಕಂಪ್ಯೂಟರಲ್ಲಿ ಏನೂ ಬರಲ್ಲ.”

“ಗೊತ್ತಿಲ್ಲದೋರು ಮಾಡಿದ್ರೆ ತಾನೆ ಬರೆದಿದ್ದು ಸರಿಯಿದೆಯಾ ಅಂತ ತಿಳಿಯೋದು. ನಾನು ಕೂತ್ರೆ ಕೈ ಏಳಲ್ಲಮ್ಮ.” ಕುರ್ಚಿಯನ್ನು ಅವಳತ್ತ ಸರಿಸಿದರು. “ಬರೆದ ಹಾಗೇ ಮಾಡು, ಹೆಚ್ಚು ಬೇಡ, ಕಡಿಮೆ ಬೇಡ. ನಾನು ಮೆಟ್ಟಿಲ ಮೇಲೆ ಕೂತಿರ್ತೀನಿ. ತಂಗಿ ಧ್ವನಿ ಬಂದ್ರೆ, ನಿಂಗೂ ಕೇಳಿಸ್ತಿದೆ ಅಂತ ಒಂದು ಮಾತು ಕೂಗಿ ಹೇಳ್ಬಿಡು.”