ಭಾವನ ಇಂಗ್ಲಿಷ್ ಪದ್ಯ

ಮೊನ್ನೆ ಹೊನ್ನಾವರ ಬಸ್‌ಸ್ಟ್ಯಾಂಡಿನ ಪಕ್ಕದ ಗೂಡಂಗಡಿಯಲ್ಲಿ ಲಿಂಬೆ ಸೋಡಾ ಕುಡಿಯುತ್ತ ನಿಂತಿದ್ದೆ. ಕುಮಟೆಯ ಬಸ್ಸು ಬರುವ ಲಕ್ಷಣವೇ ಇರಲಿಲ್ಲ. ಅಂಗಡಿಯವನ ಮೊಬೈಲು ತನ್ನ ಪಾಡಿಗೆ ತಾನು ಹಾಡುತ್ತಿತ್ತು. ಒಂದು ಮುಗಿದರೆ ಇನ್ನೊಂದು, ಅವನಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಇದ್ದಕ್ಕಿದ್ದಂತೆ ಪಿಟೀಲುಗಳು ಎದ್ದವು. ಒಂದೆರಡಲ್ಲ, ಒಂದು ಹಿಂಡು. ಸೋಡಾ ಬಾಟಲಿ ಕೆಳಗಿಟ್ಟೆ. ಅದು ವಸಂತ ಭಾವನ ಹಾಡು.

ವಸಂತ ಭಾವ ನನ್ನ ಅಕ್ಕನ ಗಂಡ. ಅಕ್ಕನನ್ನು ಮದುವೆಯಾಗುವ ಮೊದಲೇ ಕಾಲೇಜಿನಲ್ಲಿ ನನ್ನ ಗೆಳೆಯನಾಗಿದ್ದ, ಹಾಗಾಗಿ ಈ ಏಕವಚನ. ಹೊನ್ನಾವರದಲ್ಲಿ ಬೋಟಿನ ಇಂಜಿನ್ನುಗಳ ಸಾಮಾನು ಮಾರುವ ಅಂಗಡಿ ಅವನದು. ಹಾಡು ಅವನದು ಎಂದೆನಲ್ಲ, ಹಾಗೆಂದರೆ ಅವನು ಬರೆದದ್ದಲ್ಲ, ಹಳೆಯದೊಂದು ಇಂಗ್ಲಿಷ್ ರಾಕ್ ಹಾಡು. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವೂ ಒಂದು ಪಕ್ಷ ಸೇರಿಬಿಡುತ್ತೀರಿ, ಆಮೇಲೆ ನಮ್ಮಿಬ್ಬರ ಮಾತು ಮುಂದೆ ಹೋಗುವುದಿಲ್ಲ. ಬೆಳಗಿನ ಹಡಗಿಗೆ ಹೊರಟವಳನ್ನು ಒಬ್ಬ ಬಂದರದಲ್ಲಿ ನಿಂತು ಬೀಳ್ಕೊಡುತ್ತಾನೆ. ಹೋಗುವುದಾದರೆ ಹೋಗು, ಬಾಗಿಲು ಹಾಕುವುದಿಲ್ಲ ಅನ್ನುತ್ತಾನೆ. ಇಷ್ಟೇ ವಿಷಯ. ಇಷ್ಟು ಹೇಳುವುದಕ್ಕೆ ಆ ಬ್ಯಾಂಡಿನವರು ಊರಿನ ಪಿಟೀಲನ್ನೆಲ್ಲ ಹೇರಿಕೊಂಡು ಬಂದಿದ್ದರು. ನಡುನಡುವೆ ತುತ್ತೂರಿ, ಕೊನೆಗೆ ಚರ್ಚಿನ ಹಾಡುಗಾರರ ಮೇಳ, ಅದೂ ಸಾಲದೆಂದು ಮೇಲೊಂದು ಗಂಟೆ. ಆ ಗಲಾಟೆಗೆ ಹೆದರಿಯೇ ಅವಳು ಹಡಗು ಹತ್ತಿರಬೇಕೆಂದು ನನ್ನ ಗುಮಾನಿ.

ಈ ಹಾಡಿನ ಕ್ಯಾಸೆಟ್ಟನ್ನು ಭಾವನಿಗೆ ಕೊಟ್ಟವನು ದುಬೈಯಿಂದ ರಜೆಗೆ ಬಂದಿದ್ದ ಭಟ್ಕಳದ ಗೆಳೆಯ. ಆಗ ಕುಮಟೆಯ ಒಂದು ಆರ್ಕೆಸ್ಟ್ರಾದಲ್ಲಿ ಭಾವ ಗಾಯಕ. ಕಾಲೇಜಿನ ಗ್ಯಾದರಿಂಗಿರಲಿ, ಗಣಪತಿ ಪೆಂಡಾಲಿರಲಿ, ಈ ಹಾಡು ಇದ್ದೇ ಇರುತ್ತಿತ್ತು. ಪಿಟೀಲಿನ ಹಿಂಡು ಎಲ್ಲಿಂದ ತರುವುದು? ಬದಲಿಗೆ ಕೀಬೋರ್ಡು, ಡ್ರಮ್ಮು, ಮದುವೆ ಬ್ಯಾಂಡಿನ ತುತ್ತೂರಿ, ಜೊತೆಗೆ ಯಾರೋ ಪರಿಚಯದವರೆಂದು ಒಂದು ಚಂಡೆ. ಹಾಡುವಾಗ ಭಾವನ ಬಾಯಿ ಆಡುವುದು ಎಲ್ಲರಿಗೂ ಕಾಣುತ್ತಿತ್ತು. ಸ್ವರ ಕೇಳಿದವರು ಯಾರೂ ಇರಲಿಲ್ಲ. ಆದರೂ ಏನು ಸ್ವರ, ಏನು ಸ್ವರ ಎಂದು ಊರೇ ಹೊಗಳುತ್ತಿತ್ತು. ಮಾತು ಕಡಿಮೆ, ಸ್ವರ ಭಾರಿ ಎಂದು ನಮ್ಮಪ್ಪನೂ ಅದನ್ನು ನಂಬಿಯೇ ಅಕ್ಕನನ್ನು ಕೊಟ್ಟದ್ದು.

ಹಾಗೇ ಕಾಲ ಕಳೆಯಿತು. ಆ ಇಂಗ್ಲಿಷ್ ಬ್ಯಾಂಡಿನ ಹಾಡುಗಾರನಿಗೂ ವಯಸ್ಸಾಯಿತು. ಒಂದು ದಿನ ಅವನು ಸ್ಟೂಲಿನ ಮೇಲೆ ಕುಳಿತು, ಒಂದು ಗಿಟಾರು ಹಿಡಿದು, ಅದೇ ಹಾಡನ್ನು ಮತ್ತೆ ಹಾಡಿದ. ಪಿಟೀಲಿಲ್ಲ, ತುತ್ತೂರಿಯಿಲ್ಲ, ಗಂಟೆಯಂತೂ ಇಲ್ಲವೇ ಇಲ್ಲ. ಆ ಕ್ಯಾಸೆಟ್ಟು ನನ್ನ ಕೈಗೆ ಸಿಕ್ಕಿತು. ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಓಡಿಹೋಗಿ ಭಾವನ ಮನೆಯಲ್ಲಿ ಹಾಕಿದೆ. ಭಾವ ಸ್ವಲ್ಪ ಹೊತ್ತು ಕಿವಿಗೊಟ್ಟ, ಎದ್ದ, ಸ್ಟೂಲು ತಂದ, ಹತ್ತಿ ಸ್ಪೀಕರಿನ ಹಿಂದೆ ಕೈ ಹಾಕಿದ. ಒಂದು ಕಡೆಯ ವೈರು ಬಿಟ್ಟುಹೋಗಿದೆ, ಪಿಟೀಲು ಬರುತ್ತಿಲ್ಲ ಎಂದು ಅವನ ತೀರ್ಮಾನ. ವೈರೆಲ್ಲ ಸರಿಯಿದೆ, ಹಾಡಿರುವುದೇ ಹೀಗೆ ಎಂದು ನಾನು ತಿಳಿಸಿ ಹೇಳಿದ ಮೇಲೆ ಸ್ಟೂಲಿನ ಮೇಲಿಂದಲೇ ಮರುಗಿದ. “ಪಾಪ ಮಾರಾಯ, ಎಂತ ಗತಿ ಬಂತು ಆ ಮನುಷ್ಯನಿಗೆ.”

ಅಂದು ಶುರುವಾದ ಜಗಳ ನಮ್ಮಿಬ್ಬರ ತಲೆ ನರೆತರೂ ಮುಗಿಯಲಿಲ್ಲ. ನಾನು ಕುಮಟೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹಾಳೆಯಲ್ಲಿ ಬಿಳಿ ಜಾಗ ಬಿಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವನು. ಯಕ್ಷಗಾನದ ಆಟ ನೋಡುವ ನೀನು ತಾಳಮದ್ದಲೆಗೂ ಹೋಗಿ ಕೂರುವುದಿಲ್ಲವಾ, ಅಲ್ಲಿ ಕಿರೀಟ ಎಲ್ಲಿದೆ, ಕುಣಿತ ಎಲ್ಲಿದೆ, ಪದ್ಯ ಮುಗಿದ ಮೇಲೆ ಕುಳಿತಲ್ಲೇ ಅರ್ಥ ಹೇಳುವ ಲುಂಗಿಯುಟ್ಟವನೇ ಕೌರವನಲ್ಲವಾ ಎಂದು ವಾದಿಸುತ್ತಿದ್ದೆ. ಭಾವ ಜಗ್ಗುತ್ತಿರಲಿಲ್ಲ. ಪಾಯಸಕ್ಕೆ ದ್ರಾಕ್ಷಿ ಗೋಡಂಬಿ ಹಾಕುವ ಶಕ್ತಿ ಇದ್ದವ ಯಾಕೆ ಹಾಕಬಾರದು ಎಂದು ಕೇಳುತ್ತಿದ್ದ. ಬೋಳು ಹಾಡಿನ ಸರಳತೆಯನ್ನು ನಾನು ತಾಸುಗಟ್ಟಲೆ, ಉಪಮೆ ದೃಷ್ಟಾಂತ ಸಮೇತ ವರ್ಣಿಸುತ್ತಿದ್ದೆ. ಅವನು ತನ್ನ ಪಿಟೀಲಿನ ಪಕ್ಷವನ್ನು ಎರಡು ಮಾತಿನಲ್ಲಿ ಮುಗಿಸಿ ಟೇಪಿನ ಶಬ್ದ ಏರಿಸುತ್ತಿದ್ದ. ನಮ್ಮಿಬ್ಬರಲ್ಲಿ ಸರಳ ಯಾರು ಎಂದು ನೀವು ಕೇಳಬಾರದು. ಅಕ್ಕನದು ಬೇರೆಯೇ ನ್ಯಾಯ. ಬೋಳು ಹಾಡಿನ ನಡುವೆ ಕುಕ್ಕರಿನ ಸೀಟಿ ಕೇಳುತ್ತದೆ, ಅಷ್ಟರ ಮಟ್ಟಿಗೆ ತಾನು ತಮ್ಮನ ಪಕ್ಷ ಅನ್ನುತ್ತಿದ್ದಳು.

ಶಬ್ದ ಏರಿಸುವುದು ಭಾವನ ಹಳೆಯ ಅಭ್ಯಾಸ. ಮಗಳು ಶೈಲಾ ಪರೀಕ್ಷೆಯಲ್ಲಿ ನಪಾಸಾಗಿ ಅಳುತ್ತ ಬಂದಾಗ ಅವನು ಪಕ್ಕ ಕೂರಿಸಿಕೊಂಡು ಈ ಹಾಡು ಹಾಕಿದ. ಪಾಸಾಗಿ ನಗುತ್ತ ಬಂದಾಗಲೂ ಅದನ್ನೇ ಹಾಕಿದ. ಭಟ್ಕಳದ ಹೆಬಳೆಯ ಹುಡುಗನನ್ನು ಮೆಚ್ಚಿದ್ದೇನೆ ಎಂದು ಅವಳು ಹೇಳಿದ ದಿನ ಭಾವ ತಲೆಯಾಡಿಸಿ ಒಪ್ಪಿಗೆ ಕೊಟ್ಟು ಟೇಪಿನ ಹತ್ತಿರ ಹೋದನಂತೆ. ಹುಡುಗ ಫೋಟೋ ಸ್ಟುಡಿಯೋ ಇಟ್ಟವನು, ಹೆಸರು ನಾಗರಾಜ, ಗಿಟಾರು ಚಲೋ ಬಾರಿಸುತ್ತಾನೆ. ಶೈಲಾ ಒಂದು ಷರತ್ತು ಹಾಕಿದಳು. ಮದುವೆಯ ದಿನ, ತನ್ನನ್ನು ಒಪ್ಪಿಸಿ ಕೊಡುವ ಮೊದಲು, ಅಪ್ಪ ಆ ಹಾಡು ಹಾಡಬೇಕು. ನಾಗರಾಜನ ಗಿಟಾರು ಮಾತ್ರ, ಬೇರೆ ಏನೂ ಕೂಡದು.

ನನ್ನ ಪಕ್ಷವೇ ಗೆದ್ದಿತೆಂದು ನಾನು ಬೀಗಿದೆ. ಶೈಲಾ ತಣ್ಣಗೆ ಹೇಳಿದಳು: “ನಿನ್ನ ಪಕ್ಷ ಅಲ್ಲ ಮಾವ. ಅಪ್ಪನ ಸ್ವರ ನಾನು ಕೇಳಿದ್ದು ಗಿರಾಕಿಗಳಿಗೆ ಕೂಗುವಾಗ ಮಾತ್ರ. ಹೋಗುವ ಮುಂಚೆ ಒಂದು ಸಲ ಕೇಳ್ಬೇಕು.” ನಾನು ಬೀಗಿದ್ದನ್ನು ಅಲ್ಲಿಗೇ ಇಳಿಸಿದೆ.

ಭಾವನಿಗೆ ದಿಗಿಲು ಹಿಡಿಯಿತು. ಅಂಗಡಿಗೆ ಹೋದರೆ ನನ್ನನ್ನು ಒಳಗಿನ ಕೋಣೆಗೆ ಕರೆದು, ಇಂಜಿನ್ನೊಂದನ್ನು ಚಾಲೂ ಮಾಡಿ, ಅದರ ಗುಡುಗುಡು ಶಬ್ದದ ಮೇಲೆ ಹಾಡಿದ. ಅದ್ಭುತವಾಗಿ ಹಾಡುತ್ತಿರುವಂತೆ ಕಂಡಿತು. ನಾನು ಇಂಜಿನ್ನು ಬಂದ್ ಮಾಡಿದೆ. ಭಾವನೂ ಬಂದ್ ಆದ. ಮತ್ತೆ ಚಾಲೂ ಮಾಡಿದರೆ ಹಾಡು, ಬಂದ್ ಮಾಡಿದರೆ ಮೌನ. ಕಡೆಗೆ ತಲೆ ತಗ್ಗಿಸಿ ನಿಜ ಹೇಳಿದ. “ನನ್ನ ಸ್ವರ ಹೆಂಗಿದೆ ಅಂತ ನಂಗೇ ಗೊತ್ತಿಲ್ಲ ಮಾರಾಯ. ಮಗಳ ಎದುರು ಕೆಟ್ಟದಾಗಿ ಬಂದ್ರೆ ಎಂತ ಮಾಡುದು?”

ಹಾಡ್ತಾ ಹಾಡ್ತಾ ರಾಗ ಎಂದು ಧೈರ್ಯ ತುಂಬಿ, ತೆರೆದ ಜಾಗದಲ್ಲಿ ಅಭ್ಯಾಸವಾಗಲೆಂದು ಅವನನ್ನು ಅಪ್ಸರಕೊಂಡದ ಕಡಲ ತೀರಕ್ಕೆ ಕರೆದೊಯ್ದೆ. ಅಲ್ಲಿ ಭಾವ ಧಾರಾಳವಾಗಿ ಹಾಡಿದ. ಎರಡು ಮೂರು ಸಂಜೆ ಹೋದ ಮೇಲೆ ನನಗೆ ಗುಟ್ಟು ತಿಳಿಯಿತು. ಅವನು ನಿಲ್ಲುತ್ತಿದ್ದದ್ದು ತೆರೆ ಒಡೆಯುವಲ್ಲಿ, ಪಿಟೀಲಿನ ಬದಲಿಗೆ ಅರಬ್ಬೀ ಸಮುದ್ರವನ್ನೇ ಹಿಮ್ಮೇಳಕ್ಕೆ ಇಟ್ಟುಕೊಂಡು. ಸ್ವಲ್ಪ ಮೇಲೆ ಬಾ ಎಂದರೆ ಮರಳು ಕಾಲಿಗೆ ಸುಡುತ್ತದೆ ಅನ್ನುತ್ತಿದ್ದ. ಸೂರ್ಯ ಮುಳುಗಿದ ಮೇಲೂ ಸುಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮದುವೆ ಹೊನ್ನಾವರದ ಸಭಾಭವನದಲ್ಲಿ. ಧಾರೆಯಾಯಿತು, ಊಟವಾಯಿತು, ಎಲೆಯಡಿಕೆ ಹಾಕಿಕೊಂಡು ಜನ ಕುರ್ಚಿಗೆ ಒರಗಿದರು. ಮುಂದಿನ ಸಾಲಿನಲ್ಲಿ ನಮ್ಮ ದೊಡ್ಡಪ್ಪ. ಜೀವಮಾನವಿಡೀ ತಾಳಮದ್ದಲೆಯಲ್ಲಿ ಅರ್ಥ ಹೇಳಿದವರು, ಈಗ ಕಿವಿ ಮಂದ. ನಾಗರಾಜ ಬಾಸಿಂಗ ಬಿಚ್ಚಿಟ್ಟು ಗಿಟಾರು ಹಿಡಿದ, ಭಾವ ಪಕ್ಕದ ಕುರ್ಚಿಯಲ್ಲಿ ಕುಳಿತ. ಫ್ಯಾನು ಸದ್ದು ಮಾಡುತ್ತದೆ ಎಂದು ಯಾರೋ ಪುಣ್ಯಾತ್ಮರು ಅದನ್ನೂ ಆರಿಸಿದರು. ಭಾವ ನನ್ನ ಕಡೆ ನೋಡಿದ ನೋಟ, ಅಬ್ಬಾ, ಬಲೆಗೆ ಬಿದ್ದ ಬಂಗಡೆಯ ಕಣ್ಣಿನಲ್ಲೂ ನಾನು ಕಂಡಿಲ್ಲ.

ಹಾಡಿದ. ಸ್ವರ ಸಣ್ಣದು. ಸ್ವಲ್ಪ ಮೂಗಿನದು, ಅಲ್ಲಲ್ಲಿ ನಡುಗುವಂಥದ್ದು. ಕೆಟ್ಟದ್ದೇನಲ್ಲ, ಹಾಗೆಂದು ಊರು ಹೊಗಳಿದ ಸ್ವರವೂ ಅಲ್ಲ. ಮೊದಲ ಚರಣ ಹೇಗೋ ದಡ ಸೇರಿತು. ಎರಡನೆಯದು ಶುರುವಾಗುವಲ್ಲಿ ಪಿಟೀಲುಗಳು ಏಳಬೇಕಿತ್ತು, ಏಳಲಿಲ್ಲ. ಭಾವನಿಗೆ ಸಾಲು ಮರೆತೇಹೋಯಿತು. ನಾಗರಾಜ ಅದೇ ತಂತಿ ಮೀಟುತ್ತ ಕಾದ. ಶೈಲಾ ಸೆರಗಿನ ತುದಿ ಹಿಂಡುತ್ತಿದ್ದಳು. ಅಕ್ಕ ನೆಲ ನೋಡುತ್ತಿದ್ದಳು. ಸರಳತೆಯ ಪರವಾಗಿ ವರ್ಷಗಟ್ಟಲೆ ವಾದಿಸಿದ ನಾನು ಆ ಗಳಿಗೆಯಲ್ಲಿ ಮನಸ್ಸಿನಲ್ಲೇ ಇಡಗುಂಜಿ ಗಣಪನಿಗೆ ಹರಕೆ ಹೊತ್ತೆ, ಎಲ್ಲಿಂದಲಾದರೂ ನಾಲ್ಕು ಪಿಟೀಲು ಕಳಿಸಪ್ಪಾ ಎಂದು.

ಆಗ ದೊಡ್ಡಪ್ಪ ಕಣ್ಣು ತೆರೆದರು. ಅವರ ಲೆಕ್ಕದಲ್ಲಿ ಕುಳಿತು ಹಾಡಿದ್ದು ಪದ್ಯ, ಪದ್ಯ ನಿಂತ ಮೇಲೆ ಒಬ್ಬರು ಮಾತಾಡಬೇಕು. ಕಿವಿ ಮಂದವಾದವರ ದೊಡ್ಡ ದನಿಯಲ್ಲಿ ಇಡೀ ಸಭೆಗೆ ಕೇಳುವಂತೆ ವಿಚಾರಿಸಿದರು. “ಪದ್ಯ ಆತು. ಅರ್ಥ ಯಾರ್ದು?”

ನಾಲ್ಕು ಜನ ನಕ್ಕರು. ಭಾವ ನಗಲಿಲ್ಲ. ನೀರಿಗೆ ಬಿದ್ದವನು ಹಗ್ಗ ಹಿಡಿದಂತೆ ಆ ಪ್ರಶ್ನೆಯನ್ನು ಹಿಡಿದುಕೊಂಡ. ಕುರ್ಚಿಯನ್ನು ಮಗಳ ಕಡೆ ತಿರುಗಿಸಿ, ಅರ್ಥಧಾರಿಗಳ ಗತ್ತಿನಲ್ಲೇ “ಎಲೈ ಕುಮಾರಿ” ಎಂದು ಗಂಟಲು ಸರಿಮಾಡಿದ. ಜನ ಮತ್ತೆ ನಕ್ಕರು. ಆಮೇಲೆ ಆ ಗತ್ತು ಎಲ್ಲೋ ಜಾರಿಹೋಯಿತು.

“ಶೈಲಾ, ಈ ಪದ್ಯದ ಮನುಷ್ಯ ಬಂದರದಲ್ಲಿ ನಿಂತ್ಕಂಡು ಹೋಗು ಅಂತ ಹೇಳ್ತಿದ್ದಾನೆ. ಹೋಗು ಅನ್ನುಕೆ ಅವನಿಗೆ ಮನಸ್ಸಿಲ್ಲ. ಬೇಡ ಅನ್ನುಕೆ ಬಾಯಿಲ್ಲ. ಅದಕ್ಕೇ ಅಷ್ಟೆಲ್ಲ ಪಿಟೀಲು ಇಟ್ಕಂಡಿದ್ದ. ನಾನೂ ಅದಕ್ಕೇ ಇಟ್ಕಂಡದ್ದು.”

ಈಗ ಯಾರೂ ನಗಲಿಲ್ಲ. ಅವನು ಇನ್ನೂ ಹೇಳಿದ. ಅವಳು ನಪಾಸಾದ ದಿನ ಪರವಾಗಿಲ್ಲ ಮಗಾ ಅನ್ನಬೇಕೆಂದಿದ್ದನಂತೆ, ಪಾಸಾದ ದಿನ ಊರಿಗೆಲ್ಲ ಕೂಗಿ ಹೇಳಬೇಕೆಂದಿದ್ದನಂತೆ, ಮದುವೆಯ ಸುದ್ದಿ ತಂದ ದಿನ ಎರಡು ವರ್ಷ ತಡೆದು ಆಗು ಎಂದು ಕೇಳಿಕೊಳ್ಳಬೇಕೆಂದಿದ್ದನಂತೆ. ಒಂದನ್ನೂ ಹೇಳದೆ ಟೇಪು ಹಾಕಿದ್ದು. ನನ್ನ ಪಕ್ಕದಲ್ಲಿದ್ದ ಅಡುಗೆ ಭಟ್ಟರು ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡರು. ನಾನು ಅವರ ಪಂಚೆಯ ಇನ್ನೊಂದು ತುದಿ ಹಿಡಿದೆ.

ತಾಳಮದ್ದಲೆಯಲ್ಲಿ ಒಬ್ಬರ ಮಾತಿಗೆ ಎದುರಿನವರು ಉತ್ತರ ಕೊಡಲೇಬೇಕು. ದೊಡ್ಡಪ್ಪ ಶೈಲಾಳ ಕಡೆ ಗದ್ದ ಎತ್ತಿದರು. ಅವಳು ಮೂಗು ಒರೆಸಿಕೊಂಡು ಹೇಳಿದಳು: “ಭಟ್ಕಳಕ್ಕೆ ಬೇಕಷ್ಟು ಬಸ್ಸಿದೆ ಅಪ್ಪ. ನಾ ಬರ್ತೆ. ಬಂದಾಗ ಈಗ ಮಾತಾಡಿದ್ಯಲ್ಲ, ಹಂಗೇ ಮಾತಾಡು.”

ಭಾವ ಆತು ಎಂದ. ನಾಗರಾಜನಿಗೆ ಕೈ ಮಾಡಿದ. ಉಳಿದ ಚರಣಗಳು ಆಮೇಲೆ ಬಂದವು, ತಪ್ಪು ತಪ್ಪಾಗಿ, ಶ್ರುತಿ ಒಂದು ಕಡೆ ಅವನೊಂದು ಕಡೆ. ದೊಡ್ಡಪ್ಪನಿಗೆ ಪ್ರಸಂಗ ಯಾವುದೆಂದು ಮಾತ್ರ ತಿಳಿಯಲಿಲ್ಲ. ಹೊರಡುವಾಗ ನನ್ನನ್ನು ಕೇಳಿದರು, ಇಂಗ್ಲಿಷಿನದು ಎಂದೆ. ಪದ್ಯ ಸಾಧಾರಣ, ಅರ್ಥ ಚಲೋ ಎಂದು ತೀರ್ಪು ಕೊಟ್ಟು ರಿಕ್ಷಾ ಹತ್ತಿದರು.

ಇದೆಲ್ಲ ಆಗಿ ಸ್ವಲ್ಪ ಕಾಲವಾಯಿತು. ಈಗ ಆ ಪಿಟೀಲುಗಳನ್ನು ಕೇಳಿದರೆ ನನಗೆ ಮೊದಲಿನಂತೆ ಸಿಟ್ಟು ಬರುವುದಿಲ್ಲ. ಅವುಗಳ ಹಿಂದೆ ಮಾತು ಬಾರದ ಒಬ್ಬ ಮನುಷ್ಯ ನಿಂತಿದ್ದಾನೆ ಅನ್ನಿಸಿ ಪ್ರೀತಿಯೇ ಹುಟ್ಟುತ್ತದೆ. ಪಕ್ಷಾಂತರವೆಂದು ನೀವು ಆಡಿಕೊಂಡರೂ ಸರಿ. ನಿನ್ನೆ ಭಾನುವಾರ ಭಾವನ ಮನೆಗೆ ಹೋಗಿದ್ದೆ. ಸೋಲು ಒಪ್ಪಿಕೊಂಡ ಹಾಗೂ ಆಗಲಿ, ಅವನಿಗೆ ಖುಷಿಯೂ ಆಗಲಿ ಎಂದು, ಒಳಗೆ ಹೋಗುತ್ತಲೇ ನಾನೇ ಕೈಯಾರೆ ಆ ಹಾಡನ್ನು, ಪಿಟೀಲು ತುತ್ತೂರಿ ಗಂಟೆ ಸಮೇತ, ಭರ್ತಿ ಶಬ್ದದಲ್ಲಿ ಹಾಕಿದೆ.

ಭಾವ ಅಡುಗೆಮನೆಯಿಂದ ಇಣುಕಿದ. ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ. ಅವನ ಹಿಂದೆ, ಭಟ್ಕಳದಿಂದ ಬೆಳಿಗ್ಗೆಯಷ್ಟೇ ಬಂದಿದ್ದ ಶೈಲಾ ಮಣೆಯ ಮೇಲೆ ಕುಳಿತು ಅತ್ತೆಮನೆಯ ಮಿಕ್ಸರ್ ಕೆಟ್ಟ ಕತೆ ಹೇಳುತ್ತಿದ್ದಳು.

“ಸಣ್ಣ ಮಾಡು ಮಾರಾಯ” ಎಂದ ಭಾವ, “ಮಗಳು ಎಂತದೋ ಹೇಳ್ತಿದ್ದಾಳೆ.”